ರೊಟ್ಟಿ ಉಬ್ಬಲಿಲ್ಲ, ಅಂಕಿ ಉಬ್ಬಿದವು

ಸರ್ಕಾರಿ ಕಡತಗಳನ್ನು ನಂಬುವುದಾದರೆ ಬಾಗಲಕೋಟೆ ಜಿಲ್ಲೆಯ ಕಟ್ಟಿಗೆ ಒಲೆ ಈಗಾಗಲೇ ನಾಲ್ಕು ಸಲ ಸತ್ತಿದೆ. 1983ರಲ್ಲಿ ಒಮ್ಮೆ, 2009ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ, 2016ರಲ್ಲಿ ಖಾಯಂ ಆಗಿ. ಪ್ರತಿ ಸಾವಿಗೂ ವೇದಿಕೆ ಹಾಕಿದ್ದಾರೆ, ಹಾರ ತರಿಸಿದ್ದಾರೆ, ಭಾಷಣ ಮಾಡಿದ್ದಾರೆ. ಆದರೂ ನಸುಕಿನ ಐದಕ್ಕೆ ಹುನಗುಂದದ ಯಾವ ಓಣಿಯಲ್ಲಾದರೂ ನಿಂತು ನೋಡಿ, ಸತ್ತ ಒಲೆ ಆರಾಮಾಗಿ ಹೊಗೆ ಬಿಡುತ್ತಿರುತ್ತದೆ. ತಾನು ಸತ್ತ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ. ಆದೇಶ ಬಹುಶಃ ತಾಲೂಕು ಕಚೇರಿಯ ಆವಕ ವಿಭಾಗದಲ್ಲಿ ಕೂತಿದೆ.

ಹಳೆಯ ಬೆಂಕಿಗೂಡು ಕಿತ್ತೊಗೆದು ‘ಉನ್ನತ ದಕ್ಷತೆ’ಯ ಕಟ್ಟಿಗೆ ಒಲೆ ಕೂರಿಸುವ ಹುರುಪು ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದಲ್ಲಿ ಶೇ. 75ರಷ್ಟು ದಕ್ಷತೆಯ ಒಲೆ ಹಾಕಿಸಿಕೊಂಡವರಿಗೆ 2023ರಿಂದ 2025ರ ತನಕ ಖರ್ಚಿನ ಶೇ. 30ರಷ್ಟನ್ನು, ಹೆಚ್ಚೆಂದರೆ 2,000 ಡಾಲರನ್ನು, ಆದಾಯ ತೆರಿಗೆಯಲ್ಲಿ ಬಿಡುತ್ತಿದ್ದರು. ಅಲ್ಲಿ ಹೊರಗೆ ಹಿಮ ಬೀಳುವಾಗ ಒಳಗೆ ಸೋಫಾ ಎದುರು ಬೆಂಕಿ ಬೇಕು. ಬಾದಾಮಿಯಲ್ಲಿ ಆ ಕೆಲಸವನ್ನು ಕೆಂಪು ಕಲ್ಲಿನ ಗುಡ್ಡಗಳೇ ಏಪ್ರಿಲ್ ತಿಂಗಳಲ್ಲಿ ಬಿಟ್ಟಿ ಮಾಡಿಕೊಡುತ್ತವೆ. ಇಲ್ಲಿ ಒಲೆಗೆ ಇರುವುದು ಒಂದೇ ದೊಡ್ಡ ಕೆಲಸ, ಜೋಳದ ರೊಟ್ಟಿ ಸುಡುವುದು. ಒಲೆಯ ಸುಧಾರಣೆಯ ನಲವತ್ತು ವರ್ಷಗಳ ಇತಿಹಾಸದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದ ಸಂಗತಿಯೂ ಅದೊಂದೇ.

ಮೊದಲು ಅಪರಾಧಿಯ ಪರಿಚಯ ಆಗಲಿ. ಮಣ್ಣಿನ ಒಲೆ, ಬಗಲಿಗೆ ಒಂದು ಕೋಡೊಲೆ, ಮುಂದೆ ಅಗಲವಾದ ಬಾಯಿ. ಅದಕ್ಕೆ ಊಟದ ವಿಷಯದಲ್ಲಿ ಮಡಿ ಮೈಲಿಗೆ ಇಲ್ಲ. ಬಳ್ಳಾರಿ ಜಾಲಿ, ತೊಗರಿ ಕಟಗಿ, ಹತ್ತಿ ಕಟಗಿ, ಕುಳ್ಳು, ಜೋಳದ ಕೂಳೆ, ಮಗನ ಹಳೆಯ ನೋಟ್‌ಬುಕ್ಕು, ಎಲ್ಲವನ್ನೂ ತಿನ್ನುತ್ತದೆ. ಹಾಕಿದ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಮುಟ್ಟಿಸುವುದು ಹತ್ತು ಪಾಲಿನ ಆಸುಪಾಸು. ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವಳ ಮುಖಕ್ಕೆ. ಸರ್ಕಾರಿ ಅನುದಾನ ಫಲಾನುಭವಿಗೆ ಮುಟ್ಟುವ ಪ್ರಮಾಣಕ್ಕೆ ಹೋಲಿಸಿದರೆ ಇದೇನು ತೀರಾ ನಾಚಿಕೆಗೇಡಿನ ಅಂಕಿಯಲ್ಲ. ಆದರೂ ಒಲೆಯನ್ನು ಸುಧಾರಿಸಲು ಹೊರಟರು. ಅನುದಾನವನ್ನು ಸುಧಾರಿಸುವುದಕ್ಕಿಂತ ಒಲೆ ಸುಲಭ ಅನ್ನಿಸಿರಬೇಕು.

ಹೊಗೆ ಮಾತ್ರ ತಮಾಷೆಯ ವಿಷಯವಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಹಾಕಿದೆ. ಮೇಲ್ಮುದ್ದೆ ಮನೆಯ ಕತ್ತಲ ಮೂಲೆಯಲ್ಲಿ ಕೂತು, ಬೆಳಕಿಂಡಿಯ ಕಡೆ ಮುಖ ಮಾಡಿ, ಊದುಗೊಳವಿ ಊದುತ್ತ ಜೀವ ಸವೆಸಿದವರ ಕಣ್ಣು, ಎದೆ ಏನಾಗಿದೆ ಎಂದು ತಿಳಿಯಲು ಅಂಕಿಯೇ ಬೇಕಿಲ್ಲ. ಒಲೆ ಬದಲಾಗಲೇಬೇಕಿತ್ತು, ಈಗಲೂ ಬದಲಾಗಬೇಕು. ತಕರಾರು ಇರುವುದು ಬದಲಿಸಿದ ಚೆಂದದ ಬಗ್ಗೆ.

ಆರಂಭ ಚೆನ್ನಾಗಿಯೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಹುಟ್ಟಿತು. ಕುಣಿಗಲ್ ತಾಲೂಕಿನ ಉಂಗ್ರ ಎಂಬ ಹಳ್ಳಿಗೆ ಹೋಗಿ ವಿಜ್ಞಾನಿಗಳು ಕೆಲಸ ಮಾಡಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಕೆಳಗೆ ಗಾಳಿಯಾಡಲು ಜಾಲರಿ, ಮುಚ್ಚಿದ ಬೆಂಕಿಕೋಣೆ, ಮೇಲೆ ಸಾಲಾಗಿ ಮೂರು ಪಾತ್ರೆ, ಹಿಂದೆ ಹೊಗೆ ಕೊಳವೆ. ಪ್ರಯೋಗಾಲಯದಲ್ಲಿ ಶೇ. 40ರ ಮೇಲೆ ದಕ್ಷತೆ ತೋರಿಸಿತು. ಅಪ್ಪಟ ವಿಜ್ಞಾನ, ಒಳ್ಳೆಯ ಒಲೆ. ಒಂದು ಕಡೆ ಮುದ್ದೆಯ ಎಸರು, ಇನ್ನೊಂದು ಕಡೆ ಸಾರು, ಮತ್ತೊಂದು ಕಡೆ ಕಾಯುವ ನೀರು ಎಂದು ಮೂರು ಗಡಿಗೆ ಒಟ್ಟಿಗೆ ಕೂರಿಸುವ ಕುಣಿಗಲ್ ಸೀಮೆಗೆ ಹೇಳಿ ಮಾಡಿಸಿದಂತಿತ್ತು. ಮಲಪ್ರಭೆಯ ದಂಡೆಯಲ್ಲಿ ಮುದ್ದೆ ತಿನ್ನುವುದಿಲ್ಲ ಎಂಬ ವರದಿ ಆಗ ಬೆಂಗಳೂರಿಗೆ ಮುಟ್ಟಿರಲಿಲ್ಲವೇನೋ.

ವಿಜ್ಞಾನಿಗಳು ಹಳ್ಳಿಗಾದರೂ ಹೋಗಿದ್ದರು. ಆಮೇಲೆ ಒಲೆ ಇಲಾಖೆಯ ಕೈಗೆ ಬಂತು. 1983ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. ಗುರಿ ಬಂತು, ಸಬ್ಸಿಡಿ ಬಂತು, ಮಾರ್ಚ್ ತಿಂಗಳು ಬಂತು. ಮಾರ್ಚಿಗೆ ಮೊದಲು ಗುರಿ ಮುಟ್ಟಬೇಕು ಎಂದಾಗ ಒಲೆ ಎಲ್ಲೆಲ್ಲಿ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಗೆ ಅಡುಗೆಮನೆಯೇ ಬೇಕೆಂದೇನೂ ಇಲ್ಲ, ರಿಜಿಸ್ಟರ್ ಇದ್ದರೂ ಆದೀತು. 2002ರಲ್ಲಿ ಕೇಂದ್ರ ಕೈತೊಳೆದುಕೊಳ್ಳುವ ಹೊತ್ತಿಗೆ ದೇಶದಲ್ಲಿ ಮೂರೂವರೆ ಕೋಟಿಯಷ್ಟು ಸುಧಾರಿತ ಒಲೆ ಹಾಕಿದ ಲೆಕ್ಕ ಇತ್ತು. ಅಷ್ಟು ಒಲೆ ನಿಜಕ್ಕೂ ಉರಿದಿದ್ದರೆ 2009ರಲ್ಲಿ ಜೀವರಾಶಿ ಒಲೆಯ ರಾಷ್ಟ್ರೀಯ ಉಪಕ್ರಮ ಯಾಕೆ ಬೇಕಿತ್ತು? ಅದು ಫಲಿಸಿದ್ದರೆ 2014ರಲ್ಲಿ 27.5 ಲಕ್ಷ ಒಲೆಗಳ ಗುರಿ ಇಟ್ಟುಕೊಂಡು ‘ಉನ್ನತ ಚೂಲ್ಹಾ ಅಭಿಯಾನ’ ಯಾಕೆ ಬೇಕಿತ್ತು? ಪ್ರಶ್ನೆ ಕೇಳಬಾರದು. ಹಳೆಯ ಯೋಜನೆ ಸೋಲದಿದ್ದರೆ ಹೊಸ ಯೋಜನೆಗೆ ಹೆಸರಿಡುವವರ ಹೊಟ್ಟೆ ತುಂಬುವುದು ಹೇಗೆ?

ಈಗ ‘ದಕ್ಷತೆ’ ಎಂಬ ದೇವರ ಗರ್ಭಗುಡಿಯೊಳಗೆ ಇಣುಕೋಣ. ಒಲೆಯ ದಕ್ಷತೆಯನ್ನು ಅಳೆಯುವ ಪರೀಕ್ಷೆ ಸರಳವಾದದ್ದು. ಒಲೆಯ ಮೇಲೆ ಒಂದು ಪಾತ್ರೆ ನೀರಿಟ್ಟು ಕುದಿಸುತ್ತಾರೆ. ಎಷ್ಟು ಕಟ್ಟಿಗೆ ಉರಿಯಿತು, ನೀರು ಎಷ್ಟು ಕಾದಿತು, ಎಷ್ಟು ಆವಿಯಾಯಿತು ಎಂದು ಭಾಗಾಕಾರ ಹಾಕಿದರೆ ಶೇಕಡಾವಾರು ಸಿಗುತ್ತದೆ. ಭಾರತೀಯ ಮಾನಕ ಬ್ಯೂರೋ ಕೂಡ ಇಂಥದೇ ಪರೀಕ್ಷೆಯಿಂದ ಸಾದಾ ಒಲೆಗೆ ಶೇ. 25, ಫ್ಯಾನ್ ಇರುವ ಒಲೆಗೆ ಶೇ. 35 ದಕ್ಷತೆ ಇರಬೇಕೆಂದು ಗೆರೆ ಎಳೆದಿದೆ. ಬರೀ ಬಿಸಿನೀರು ಕುಡಿದು ಬದುಕುವ ಜನಾಂಗ ಎಲ್ಲಿಯಾದರೂ ಇದ್ದರೆ ಅವರ ಪಾಲಿಗೆ ಇದು ಪರಿಪೂರ್ಣ ಪರೀಕ್ಷೆ.

ರೊಟ್ಟಿಯ ಪರೀಕ್ಷೆ ಬೇರೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಬೇಕು. ಹಂಚು ಅಗಲ, ಅದರ ಅಂಚಿನ ತನಕ ಉರಿ ಹರಡಬೇಕು. ನಡುವೆ ಮಾತ್ರ ಉರಿ ಚುಚ್ಚಿದರೆ ರೊಟ್ಟಿ ನಡುವೆ ಕರ್ರಗೆ, ಸುತ್ತ ಹಸಿ. ಆಮೇಲೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ, ಎಳೆದ ಕೆಂಡದ ಎದುರು ನಿಲ್ಲಿಸಬೇಕು. ಆಗ ಅದು ಉಬ್ಬುತ್ತದೆ. ಹಂಚಿನ ಮೇಲೆ ಒಂದು, ಕೆಂಡದ ಮುಂದೆ ಒಂದು, ಕೈಯಲ್ಲಿ ಒಂದು ಎಂದು ಮೂರು ರೊಟ್ಟಿ ಒಂದೇ ಸಮಯಕ್ಕೆ ನಡೆಯುತ್ತಿರುತ್ತವೆ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಮೊಸರು ಮಾರುವ ತಾಯಂದಿರು ಈ ಮೂರು ಕೈಯ ಆಟವನ್ನು ಮುಗಿಸಿಯೇ ಬಂದು ಕೂತಿರುತ್ತಾರೆ. ದಕ್ಷ ಒಲೆಯ ತಂತ್ರವಾದರೂ ಏನು? ಬಾಯಿ ಕಿರಿದು ಮಾಡು, ಬೆಂಕಿಯನ್ನು ಒಳಗೇ ಕೂಡಿಹಾಕು, ಹೊರಗೆ ಒಂದು ಕೆಂಡವೂ ಬಾರದಂತೆ ನೋಡಿಕೋ. ಅಂದರೆ ಶಾಖ ಪೋಲಾಗುತ್ತದೆ ಎಂದು ವಿಜ್ಞಾನ ಮುಚ್ಚಿದ ಬಾಗಿಲಿನ ಎದುರೇ ನಮ್ಮ ರೊಟ್ಟಿ ನಿಲ್ಲಬೇಕಿತ್ತು.

ಯಾವ ಊರು, ಯಾವ ವರ್ಷ ಎಂದು ಕೇಳದಿದ್ದರೆ ಒಂದು ಸಂಭಾಷಣೆ ಹೇಳಬಹುದು. ಒಲೆ ಹಂಚಲು ಬಂದ ಸಾಹೇಬರಿಗೂ ಮನೆಯ ಹಿರಿಯಳಿಗೂ ಇಂಥದು ನೂರಾರು ಅಡುಗೆಮನೆಗಳಲ್ಲಿ ನಡೆದೇ ಇರುತ್ತದೆ.

“ಅವ್ವಾರ, ಈ ಒಲಿ ಅರ್ಧಕ್ಕರ್ಧ ಕಟಗಿ ಉಳಸ್ತೈತಿ.”

“ಉಳಸ್ಲಿ ಬಿಡ್ರಿ ಸಾಹೇಬ್ರ. ರೊಟ್ಟಿ ಎಲ್ಲಿ ನಿಂದರಸ್ಲಿ?”

“ರೊಟ್ಟಿ ಯಾಕ ನಿಂದರಸಬೇಕು?”

“ಉಬ್ಬಬೇಕಲ್ರಿ.”

“ಉಬ್ಬಲಿಲ್ಲಂದ್ರ ಏನಾಕ್ಕೈತಿ?”

“ನಮ್ಮ ಯಜಮಾನ್ರು ಉಬ್ಬತಾರ್ರಿ.”

ಸಾಹೇಬರು ನಮೂನೆಯಲ್ಲಿ ಬರೆದುಕೊಂಡರು: ‘ಫಲಾನುಭವಿಗೆ ಅರಿವಿನ ಕೊರತೆ ಇದೆ. ಜಾಗೃತಿ ಶಿಬಿರ ಅಗತ್ಯ.’

ಶಿಬಿರ ನಡೆಯಿತು. ಶಿಬಿರಕ್ಕೆ ಬಂದವರಿಗೆಲ್ಲ ರೊಟ್ಟಿ ಊಟ. ಸುಟ್ಟದ್ದು ಹಳೆಯ ಒಲೆಯ ಮೇಲೆ.

ಇನ್ನು ಕಟ್ಟಿಗೆಯ ಕಥೆ. ಹಳೆಯ ಒಲೆಗೆ ಮಾರುದ್ದದ ಜಾಲಿ ಕೊಂಬೆಯನ್ನು ಇದ್ದಂತೆ ಇಟ್ಟು, ಉರಿದಂತೆಲ್ಲ ಒಳಗೆ ದೂಡುತ್ತ ಹೋಗಬಹುದು. ಹೊಸ ಒಲೆಯ ಕಿರಿದಾದ ಬಾಯಿಗೆ ಬೆರಳು ದಪ್ಪದ ತುಂಡು ಬೇಕು, ಒಣಗಿರಬೇಕು, ಅಳತೆಗೆ ಕಡಿದಿರಬೇಕು. ಉಳಿದ ಕಟ್ಟಿಗೆಯ ಲೆಕ್ಕ ಯೋಜನೆಗೆ, ಕೊಡಲಿ ಹಿಡಿದು ತುಂಡು ಮಾಡುವ ಕೆಲಸ ಅವಳಿಗೆ. ಹೊಗೆ ಕೊಳವೆಗೆಂದು ಮೇಲ್ಮುದ್ದೆಗೆ ತೂತು ಹೊಡೆದರೆ ಮಳೆಗಾಲದಲ್ಲಿ ಒಲೆಗೂ ಸ್ನಾನ, ಜೋಳದ ಚೀಲಕ್ಕೂ ಸ್ನಾನ. ಕೊಳವೆಯೊಳಗೆ ಮಸಿ ಕಟ್ಟಿದರೆ ಹೊಗೆ ಮತ್ತೆ ಮುಖಕ್ಕೇ ಬರುತ್ತದೆ. ಮಸಿ ತೆಗೆಯುವ ತಲೆಬರಹ ಯಾವ ಬಜೆಟ್ಟಿನಲ್ಲೂ ಇಲ್ಲ. ಒಡಿಶಾದ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷ ಗಮನಿಸಿದ ಹನ್ನಾ, ಡಫ್ಲೊ, ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಕಂಡರು. ಮೊದಲ ವರ್ಷ ಹೊಗೆ ಸ್ವಲ್ಪ ತಗ್ಗಿತು. ಆಮೇಲೆ ಒಲೆಗಳು ಒಡೆದವು, ದುರಸ್ತಿ ಆಗಲಿಲ್ಲ, ಬಳಕೆ ಇಳಿಯಿತು. ಕೊನೆಗೆ ಆರೋಗ್ಯದಲ್ಲೂ ಕಟ್ಟಿಗೆಯ ಖರ್ಚಿನಲ್ಲೂ ಫರಕು ಕಾಣಲಿಲ್ಲ.

ಒಡಿಶಾ ದೂರ ಆಯಿತು ಅನ್ನುವವರು ಇಳಕಲ್ಲಿನಿಂದ ಕುಷ್ಟಗಿ ರಸ್ತೆ ಹಿಡಿಯಲಿ, ಕೊಪ್ಪಳ ಜಿಲ್ಲೆ ಸಿಗುತ್ತದೆ. ಅಲ್ಲಿ ಬಂದ ಒಲೆ ಸಾಮಾನ್ಯದ್ದಲ್ಲ, ಕಾರ್ಬನ್ ಕ್ರೆಡಿಟ್‌ಗೆ ಅಂತರರಾಷ್ಟ್ರೀಯ ಮನ್ನಣೆ ಪಡೆದ ಒಲೆ. ಲೆಕ್ಕಾಚಾರ ಹೀಗೆ: ಕೊಪ್ಪಳದ ತಾಯಿ ಕಡಿಮೆ ಕಟ್ಟಿಗೆ ಉರಿಸಿದರೆ ಆ ಉಳಿದ ಹೊಗೆಯನ್ನು ಎಲ್ಲಿಯೋ ಇರುವ ದೊಡ್ಡ ಕಂಪನಿ ಕೊಂಡುಕೊಂಡು ತಾನು ಬಿಡಬಹುದು. ಅಂದರೆ ಜಗತ್ತಿನ ಹೊಗೆಯ ಜಮಾಖರ್ಚು ಸರಿದೂಗುವ ಹೊಣೆ ಅವಳ ಒಲೆಯ ಮೇಲೆ. ಸಂಶೋಧಕರು 187 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಒಲೆ ಕೊಟ್ಟು, ಇನ್ನೊಂದನ್ನು ಹಳೆಯದರಲ್ಲೇ ಬಿಟ್ಟು ಅಳೆದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹೊಸ ಒಲೆಯ ಮನೆಗಳಲ್ಲಿ ದಿನದ ಕಟ್ಟಿಗೆ 0.52 ಕಿಲೊ ಇಳಿದಿತ್ತು. ಶಹಬ್ಬಾಸ್! ಹೊಸ ಒಲೆ ಸಿಗದವರ ಮನೆಯಲ್ಲಿ 0.60 ಕಿಲೊ ಇಳಿದಿತ್ತು. ಎರಡೂ ಹೆಚ್ಚುಕಡಿಮೆ ಒಂದೇ. ಉಳಿತಾಯ ಮಾಡಿದ್ದು ಋತುಮಾನ, ಹೆಸರು ಬಂದದ್ದು ಒಲೆಗೆ. ಹೊಗೆಯ ಸಣ್ಣ ಕಣಗಳು ಎರಡೂ ಕಡೆ ಏರಿದ್ದವು, ಹೊಸ ಒಲೆಯವರಲ್ಲಿ ಏರಿಕೆ ಕಡಿಮೆ ಇತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಹೊಸ ಒಲೆಯ ಹೊಗೆಯಲ್ಲಿ ವಾತಾವರಣಕ್ಕೆ ಹೆಚ್ಚು ಹಾನಿಯ ಕಪ್ಪು ಇಂಗಾಲದ ಪಾಲು ಜಾಸ್ತಿ ಕಂಡಿತು. ಮತ್ತು ಹೊಸ ಒಲೆ ಸಿಕ್ಕವರಲ್ಲಿ ಶೇ. 40 ಮನೆಗಳವರು ಹಳೆಯ ಒಲೆಯನ್ನೂ ಹೊತ್ತಿಸುತ್ತಲೇ ಇದ್ದರು. ಜೋಳದ ಸೀಮೆ ತಾನೆ, ರೊಟ್ಟಿ ಎಲ್ಲಾದರೂ ಉಬ್ಬಬೇಕಲ್ಲ.

ಇನ್ನೂ ಚೆಂದದ ಒಲೆಯೂ ಬಂದಿತ್ತು. ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಅವರ ತಂಡ ಬಿಪಿ ಕಂಪನಿಯ ಜತೆ ಸೇರಿ ರೂಪಿಸಿದ ‘ಊರ್ಜಾ’ 2006ರಿಂದ ಮಾರುಕಟ್ಟೆಗೆ ಬಂತು. ಚಿಕ್ಕ ಫ್ಯಾನು, ಕೃಷಿತ್ಯಾಜ್ಯ ಒತ್ತಿ ಮಾಡಿದ ಗುಳಿಗೆ, ನೀಲಿಯ ಕಡೆ ವಾಲುವ ಉರಿ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಲಕ್ಷಗಟ್ಟಲೆ ಮನೆಯವರು ಕೊಂಡರು. ಒಮ್ಮೆ ತುಂಬಿದ ಗುಳಿಗೆ ಉರಿದು ಮುಗಿಯುವ ತನಕ ಅದರದೇ ಗತಿ. ಮಧ್ಯೆ ಬೀಗರು ಬಂದರೆ ಇನ್ನೊಂದು ಹಿಡಿ ಸೇರಿಸುವಂತಿಲ್ಲ. ಅಷ್ಟರಲ್ಲಿ ಅದೇ ಕೃಷಿತ್ಯಾಜ್ಯಕ್ಕೆ ಕಾರ್ಖಾನೆಗಳ ಬಾಯ್ಲರುಗಳು ಹೆಚ್ಚು ದುಡ್ಡು ಕೊಡತೊಡಗಿದವು. ಗುಳಿಗೆಯ ಬೆಲೆ ಏರಿತು, ಒಲೆ ಅಟ್ಟ ಏರಿತು. ರೈತನ ಹೊಲದ ಕಸ ಅವನ ಹೆಂಡತಿಯ ಒಲೆಗೇ ದುಬಾರಿಯಾದ ಪವಾಡವನ್ನು ಮಾರುಕಟ್ಟೆ ಮಾತ್ರ ಮಾಡಬಲ್ಲದು.

ದಡ್ಡತನ ನಮ್ಮ ಸ್ವತ್ತು ಎಂದು ಯಾರೂ ಕುಗ್ಗಬೇಕಿಲ್ಲ. ಉತ್ತರ ಐರ್ಲೆಂಡಿನ ಸರ್ಕಾರ 2012ರಲ್ಲಿ ಕಟ್ಟಿಗೆ ಗುಳಿಗೆಯ ಬಾಯ್ಲರ್ ಹಾಕಿಸಿದ ಉದ್ಯಮಗಳಿಗೆ ಸಹಾಯಧನ ಕೊಟ್ಟಿತು. ಒಂದು ಪೌಂಡಿನ ಗುಳಿಗೆ ಸುಟ್ಟರೆ 1.60 ಪೌಂಡು ವಾಪಸ್, ಮೇಲಿನ ಮಿತಿಯೂ ಇಲ್ಲ. ಸುಟ್ಟಷ್ಟೂ ಲಾಭ ಎಂದಾಗ ಖಾಲಿ ಕೊಟ್ಟಿಗೆಗಳನ್ನೂ ಬೆಚ್ಚಗಿಟ್ಟ ದೂರುಗಳು ಬಂದವು. 2017ರ ಜನವರಿಯಲ್ಲಿ ಇದೇ ಗಲಾಟೆಯಲ್ಲಿ ಸರ್ಕಾರ ಬಿತ್ತು. ಮೂರು ವರ್ಷ ಅಲ್ಲಿ ಸರ್ಕಾರವೇ ಇರಲಿಲ್ಲ. ಅಮೆರಿಕದಲ್ಲಿ ಒಲೆಗಳಿಗೆ ‘ಸ್ವಚ್ಛ’ ಎಂದು ಮುದ್ರೆ ಒತ್ತುವ ವ್ಯವಸ್ಥೆಯನ್ನೇ ನಂಬುವಂತಿಲ್ಲ ಎಂದು 2023ರಲ್ಲಿ ಅವರದೇ ಪರಿಸರ ಸಂಸ್ಥೆಯ ಲೆಕ್ಕ ತಪಾಸಕರು ಬರೆದರು. ಪ್ರಯೋಗಾಲಯದ ಒಲೆ ಒಂದು, ಮನೆಯ ಒಲೆ ಇನ್ನೊಂದು ಎಂಬುದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ಎಲ್ಲ ದೇಶದಲ್ಲೂ ಸಲ್ಲುತ್ತದೆ.

ಕೊನೆಗೆ ನಮ್ಮಲ್ಲಿ ಗ್ಯಾಸಿನ ಸರದಿ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಕೇಂದ್ರದ ‘ಉಜ್ವಲಾ’ ಯೋಜನೆ ಉದ್ಘಾಟನೆಯಾಯಿತು, ಹಿಂದೆಯೇ ರಾಜ್ಯದ ಅನಿಲ ಭಾಗ್ಯ. ಗ್ಯಾಸು ನಿಜಕ್ಕೂ ಒಳ್ಳೆಯದು, ಹೊಗೆ ಇಲ್ಲ, ಊದುವ ಕೆಲಸವಿಲ್ಲ. 2019ರ ಸೆಪ್ಟೆಂಬರಿಗೆ ಎಂಟು ಕೋಟಿ ಸಂಪರ್ಕ ಕೊಟ್ಟಾಗಿತ್ತು. ಆ ವರ್ಷ ಉಜ್ವಲಾ ಮನೆಯೊಂದು ಸರಾಸರಿ ತುಂಬಿಸಿಕೊಂಡದ್ದು ಮೂರು ಸಿಲಿಂಡರು. ಸಹಾಯಧನ ಸೇರಿದ ಮೇಲೆ ಈಚೆಗೆ ಅದು ನಾಲ್ಕು ದಾಟಿದೆ. 14.2 ಕಿಲೊ ಗ್ಯಾಸನ್ನು ಮೂರು ತಿಂಗಳು ಎಳೆಯುವ ಮನೆಯಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕೆ? ಗ್ಯಾಸಿನ ಮೇಲೆ ಚಹಾ, ಒಲೆಯ ಮೇಲೆ ರೊಟ್ಟಿ. ಬೀಗರು ಬಂದರೆ ಗ್ಯಾಸು, ಬೀಗರು ಹೋದರೆ ಒಲೆ. ಆಲಮಟ್ಟಿಯ ಹಿನ್ನೀರು ಬಂತೆಂದು ಬಾಗಲಕೋಟೆಯ ಅರ್ಧ ಊರನ್ನೇ ಎತ್ತಿ ನವನಗರದಲ್ಲಿ ಇಟ್ಟ ಸರ್ಕಾರಕ್ಕೆ ಹಿತ್ತಲಿನ ಒಂದು ಒಲೆಯನ್ನು ಕದಲಿಸಲು ಆಗಲಿಲ್ಲ ನೋಡಿ.

ಹಾಗಾದರೆ ದಕ್ಷ ಒಲೆ ಎಲ್ಲಿಯೂ ಗೆದ್ದಿಲ್ಲವೇ? ಗೆದ್ದಿದೆ, ಅದೇ ಕುತೂಹಲದ ಸಂಗತಿ. ಬೆಂಗಳೂರಿನ ‘ಟೈಡ್’ ಸಂಸ್ಥೆ ರೇಷ್ಮೆ ನೂಲು ತೆಗೆಯುವವರು ಮೊದಲಾದ ಸಣ್ಣ ಉದ್ಯಮಿಗಳಿಗೆಂದೇ ಕಟ್ಟಿಗೆ ಉಳಿಸುವ ಒಲೆ ಮಾಡಿಕೊಟ್ಟಿತು; ಅದಕ್ಕಾಗಿ 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಅಲ್ಲಿ ಜಾಗೃತಿ ಶಿಬಿರ ಬೇಕಾಗಲಿಲ್ಲ. ಯಾಕೆಂದರೆ ಅಲ್ಲಿ ಕಟ್ಟಿಗೆಗೆ ದುಡ್ಡು ಕೊಡುವವನು ಯಜಮಾನ. ತಿಂಗಳ ಕೊನೆಗೆ ಸೌದೆ ಅಡ್ಡೆಯ ಚೀಟಿ ಅರ್ಧವಾದರೆ ಅವನ ಜೇಬಿಗೆ ತಂಪು. ಹಳೆಯ ಒಲೆ ಒಡೆಯಲು ಅವನೇ ಹಾರೆ ಹಿಡಿದು ಮುಂದೆ ಬರುತ್ತಾನೆ.

ಮನೆಯ ಒಲೆಗೆ ಚೀಟಿಯೇ ಇಲ್ಲ. ಬದುವಿನ ಜಾಲಿ ಕಡಿದು, ಸಿಂಬಿ ಇಟ್ಟು, ಹೊರೆ ಹೊತ್ತು ತಂದದ್ದಕ್ಕೆ ಕೂಲಿ ಇಲ್ಲ. ಕುಳ್ಳು ತಟ್ಟಿದ್ದಕ್ಕೆ ಕೂಲಿ ಇಲ್ಲ. ಹೊಗೆ ಕುಡಿದದ್ದಕ್ಕೆ ದವಾಖಾನೆ ಬಿಲ್ಲು ಬಂದಾಗ ಮಾತ್ರ ಖರ್ಚು ಕಾಣುತ್ತದೆ, ಅದೂ ‘ವಯಸ್ಸಾತು, ಕೆಮ್ಮು ಸಹಜ’ ಎಂಬ ತಲೆಬರಹದ ಕೆಳಗೆ. ಖರ್ಚೇ ಇಲ್ಲದ ಕಡೆ ಉಳಿತಾಯ ತೋರಿಸುವುದು ಹೇಗೆ? ಸುಧಾರಿತ ಒಲೆಗಳು ಸೋತದ್ದು ಹಳ್ಳಿಯ ಹೆಂಗಸಿಗೆ ಅರಿವು ಕಡಿಮೆ ಎಂದಲ್ಲ, ಅವಳ ಸಮಯಕ್ಕೂ ಸೊಂಟಕ್ಕೂ ಬೆಲೆ ಸೊನ್ನೆ ಎಂದು ಹಿಡಿದ ಲೆಕ್ಕದ ಮೇಲೆ. ಮನೆಯ ಗಂಡಸು ಅದೇ ಲೆಕ್ಕ ಹಿಡಿದಿದ್ದಾನೆ, ಇಲಾಖೆ ಅದನ್ನೇ ಮುಂದುವರಿಸಿದೆ, ಕಾರ್ಬನ್ ವ್ಯಾಪಾರಿ ಅದರ ಮೇಲೆ ಕಮಿಷನ್ ಎಣಿಸಿದ್ದಾನೆ. ಮೊಬೈಲು ತರುವಾಗ, ಮೋಟಾರ್ ಸೈಕಲ್ಲು ತರುವಾಗ ಸಬ್ಸಿಡಿ ಕಾಯದ ಮನೆ, ಸಿಲಿಂಡರು ತುಂಬಿಸುವಾಗ ಮಾತ್ರ ಅಂತರರಾಷ್ಟ್ರೀಯ ತೈಲ ಬೆಲೆಯ ಬಗ್ಗೆ ಚಿಂತಿಸುತ್ತದೆ.

ಐದನೆಯ ಒಲೆ ಬಂದೇ ಬರುತ್ತದೆ. ಹೆಸರು ಆಗಲೇ ಸಂಸ್ಕೃತದಲ್ಲಿ ತಯಾರಾಗುತ್ತಿರಬಹುದು. ಬರಲಿ, ಆದರೆ ಮೂರು ಷರತ್ತು. ನೀರು ಕುದಿಸಿ ಅಳೆಯಬೇಡಿ. ಹಂಚಿಟ್ಟು ಇಪ್ಪತ್ತು ರೊಟ್ಟಿ ಸುಡಿಸಿ, ಎಷ್ಟು ಉಬ್ಬಿದವು ಎಂದು ಬರೆದುಕೊಳ್ಳಿ. ಉದ್ಘಾಟನೆಯ ದಿನ ಎಣಿಸಬೇಡಿ. ಮೂರು ವರ್ಷ ಬಿಟ್ಟು ಬಂದು ಎಷ್ಟು ಉರಿಯುತ್ತಿವೆ ಎಂದು ಎಣಿಸಿ. ಕಟ್ಟಿಗೆಯ ಲೆಕ್ಕ ಹಾಕುವಾಗ ಅದನ್ನು ತಂದವಳ ಕೂಲಿಯನ್ನೂ ಹಾಕಿ. ಇಷ್ಟು ಕಷ್ಟ ಅನ್ನಿಸಿದರೆ ಇನ್ನೊಂದು ದಾರಿ ಇದೆ, ಇದಕ್ಕೆ ಕೇಂದ್ರದ ಅನುದಾನ ಬೇಕಿಲ್ಲ, ಟೆಂಡರು ಬೇಕಿಲ್ಲ. ಒಲೆಯನ್ನು ಬದಲಿಸುವ ಬದಲು ಒಲೆಯ ಮುಂದೆ ಕೂಡುವವರನ್ನು ಬದಲಿಸಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಗಂಡಸರು ಒಂದೇ ಒಂದು ತಿಂಗಳು ನಸುಕಿನಲ್ಲಿ ಎದ್ದು, ಊದಿ, ಬಡಿದು, ಸುಡಲಿ. ಮರುತಿಂಗಳೇ ಜಿಲ್ಲೆಯ ಯಾವ ಅಡುಗೆಮನೆಯಲ್ಲೂ ಹೊಗೆ ಇರುವುದಿಲ್ಲ, ಬರೆದಿಟ್ಟುಕೊಳ್ಳಿ.